ಪಿಎಚ್‌ಪಿ ಪಾಠ: ಎಕ್ಸ್‌ಎಂಎಲ್ ಪಟ್ಟಿಯಿಂದ ಮಾತನ್ನು ಮಾತಾಗಿಯೇ ತೆಗೆಯುವುದು

ನಮ್ಮ ವಾಚನಾಲಯದ ಪುಸ್ತಕಗಳ ಪಟ್ಟಿ ಹಿಂದೆ ಉದ್ದನೆಯ ದಫ್ತರದಲ್ಲಿ ಇತ್ತೆಂಬುದೂ, ಈಗ ಅದು ಮೂಲೆಯ ಮೇಜಿನ ಕಂಪ್ಯೂಟರಿನಲ್ಲಿ ಇದೆಯೆಂಬುದೂ ವಾಚಕ ಬಂಧುಗಳಿಗೆ ತಿಳಿದೇ ಇದೆ. ಆ ಪಟ್ಟಿಯನ್ನು ಓದಿ ತೋರಿಸುವ ಪುಟವನ್ನು ಬರೆದವನು ನಾನು. ಸಂಜೆಯ ಹೊತ್ತು ಇಲ್ಲಿಗೆ ಬಂದು ಪ್ರೋಗ್ರಾಮು ಬರೆಯಲು ಕಲಿಯುತ್ತಿರುವ ಕೆಲವು ತರುಣ ಮಿತ್ರರು ಅದರ ಒಳಗುಟ್ಟನ್ನು ತಿಳಿಸಿಕೊಡಬೇಕೆಂದು ಕೇಳಿದ್ದಾರೆ. ಒಳಗುಟ್ಟಿಗಿಂತ ಮೊದಲು ಅದರಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳುವುದು ಮೇಲು. ಏಕೆಂದರೆ ಈ ಪಾಠವೆಲ್ಲ ಆ ತಪ್ಪಿನಿಂದಲೇ ಹುಟ್ಟಿದ್ದು.

2024ರ ಮಳೆಗಾಲದಲ್ಲಿ ಒಂದು ದಿನ ವಸಯಿಯಿಂದ ಹಿರಿಯರೊಬ್ಬರು ಫೋನು ಮಾಡಿ, ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಇದೆಯೇ ಎಂದು ವಿಚಾರಿಸಿದರು. ಕಣ್ಣು ಮಂಜಾದ ಹೆಂಡತಿಗೆ ಓದಿ ಹೇಳಬೇಕೆಂದು ಅವರ ಆಸೆ. ನಾನು ಕಂಪ್ಯೂಟರಿನಲ್ಲಿ ನೋಡಿದೆ. 'ಕಪಾಟಿನಲ್ಲಿ ಇದೆ' ಎಂದು ಬಂತು. "ಇದೆ, ಬನ್ನಿ" ಎಂದೆ. ಅವರು ಆ ಮಳೆಯಲ್ಲಿ ಲೋಕಲ್ ಹಿಡಿದು ಸಾಂತಾಕ್ರೂಜಿಗೆ ಬಂದರು. ಕಪಾಟಿನಲ್ಲಿ ಪುಸ್ತಕದ ಜಾಗ ಬರಿದಾಗಿತ್ತು. ಎಂಟು ದಿನಗಳ ಹಿಂದೆಯೇ ಬೇರೊಬ್ಬ ಸದಸ್ಯರು ಅದನ್ನು ಒಯ್ದಿದ್ದರು. ಚೀಟಿಯೂ ಸರಿಯಾಗಿ ದಾಖಲಾಗಿತ್ತು. ಹಿರಿಯರು ಸಿಟ್ಟಾಗಲಿಲ್ಲ. "ಇರಲಿ ಮಾರಾಯ, ಬಂದದ್ದಕ್ಕೆ ಪೇಪರಾದರೂ ಓದಿ ಹೋಗುತ್ತೇನೆ" ಎಂದು ಬೆಂಚಿನ ಮೇಲೆ ಕುಳಿತರು. ಅವರು ಬೈದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಗ್ರಂಥಾಲಯ ಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಐದು ಸೂತ್ರಗಳನ್ನು ಹೇಳಿದ್ದಾರೆ. ಓದುಗನ ಸಮಯವನ್ನು ಉಳಿಸಬೇಕೆಂಬುದು ಅವುಗಳಲ್ಲಿ ನಾಲ್ಕನೆಯದು. ರಂಗನಾಥನ್ ಅವರು ನಮಗೆ ದೂರದವರಲ್ಲ. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಕಟ್ಟಿ, 1972ರಲ್ಲಿ ಅಲ್ಲಿಯೇ ತೀರಿಕೊಂಡವರು. ಅವರ ನಾಲ್ಕನೆಯ ಸೂತ್ರವನ್ನು ನನ್ನ ಪುಟ ಮುರಿದಿತ್ತು. ಮುರಿದದ್ದು ಯಂತ್ರದ ದೋಷದಿಂದಲ್ಲ, ನಾನು ಬರೆಯದೆ ಬಿಟ್ಟ ಒಂದೇ ಒಂದು ಮಾತಿನಿಂದ. ಆ ಮಾತು ಯಾವುದು, ಅದನ್ನು ಎಲ್ಲಿ ಬರೆಯಬೇಕು ಎಂಬುದೇ ಇಂದಿನ ಪಾಠ.

ಮೊದಲಿಗೆ ಒಂದು ಸೂಚನೆ. ನಮ್ಮ ಪತ್ರಿಕೆ ಕನ್ನಡ ಅಕ್ಷರದಲ್ಲಿ ಮಾತ್ರ ಅಚ್ಚಾಗುವುದರಿಂದ ಪಿಎಚ್‌ಪಿಯ ಸ್ವಂತ ಮಾತುಗಳನ್ನೂ ಇಲ್ಲಿ ಕನ್ನಡದಲ್ಲಿಯೇ ಕೊಟ್ಟಿದೆ. ಸ್ಟ್ರಿಂಗ್, ಎಕೋ, ಇಫ್, ಫೋರೀಚ್, ಆ್ಯಸ್ ಮೊದಲಾದುವನ್ನು ನೀವು ಕಂಪ್ಯೂಟರಿನಲ್ಲಿ ಒತ್ತುವಾಗ ಇಂಗ್ಲಿಷ್ ಅಕ್ಷರದಲ್ಲಿಯೇ ಒತ್ತಬೇಕು. ಆದರೆ ಶೀರ್ಷಿಕೆ, ಲೇಖಕ, ಚೀಟಿ ಎಂಬಂಥ ನಾವು ಇಟ್ಟ ಹೆಸರುಗಳನ್ನು ಕನ್ನಡದಲ್ಲಿಯೇ ಒತ್ತಬಹುದು. ಅದಕ್ಕೆ ಅಡ್ಡಿಯಿಲ್ಲವೆಂಬುದನ್ನು ಮುಂದೆ ನೋಡೋಣ.

1. ಎಕ್ಸ್‌ಎಂಎಲ್ ಎಂದರೇನು?

ಎಕ್ಸ್‌ಎಂಎಲ್ ಎಂಬುದು ವಿಷಯಗಳನ್ನು ಗುರುತು ಹಚ್ಚಿ ಬರೆದಿಡುವ ಒಂದು ಪದ್ಧತಿ. ಇದರ ಮೊದಲನೆಯ ಆವೃತ್ತಿಯನ್ನು ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಮ್ ಎಂಬ ಮಂಡಳಿ 1998ನೆಯ ಫೆಬ್ರವರಿ 10ರಂದು ಪ್ರಕಟಿಸಿತು. ಒಂದು ಮಾತು ಏನೆಂಬುದನ್ನು ಅದರ ಹಿಂದೆ ಮುಂದೆ ಹಾಕಿದ ಗುರುತುಗಳೇ ಹೇಳುತ್ತವೆ. ಈ ಗುರುತಿಗೆ ಟ್ಯಾಗು ಎಂದು ಹೆಸರು. ತೆರೆಯುವ ಟ್ಯಾಗು, ಮುಚ್ಚುವ ಟ್ಯಾಗು, ಅವುಗಳ ನಡುವೆ ಇರುವುದು, ಇಷ್ಟೂ ಸೇರಿ ಒಂದು ಎಲಿಮೆಂಟು. ನಮ್ಮ ಪಟ್ಟಿಯ ಒಂದು ತುಣುಕು ಹೀಗಿದೆ:

<ಗ್ರಂಥಾಲಯ>
  <ಪುಸ್ತಕ ಸಂಖ್ಯೆ="0127">
    <ಶೀರ್ಷಿಕೆ>ಶಿಕಾರಿ</ಶೀರ್ಷಿಕೆ>
    <ಲೇಖಕ>ಯಶವಂತ ಚಿತ್ತಾಲ</ಲೇಖಕ>
    <ವರ್ಷ>1979</ವರ್ಷ>
    <ವಿಷಯ>ಕಾದಂಬರಿ</ವಿಷಯ>
    <ವಿಷಯ>ಮುಂಬಯಿ</ವಿಷಯ>
  </ಪುಸ್ತಕ>
</ಗ್ರಂಥಾಲಯ>

ಪುಸ್ತಕ ಎಂಬ ಟ್ಯಾಗಿನ ಒಳಗೇ ಬರೆದಿರುವ ಸಂಖ್ಯೆ ಎಂಬುದಕ್ಕೆ ಆಟ್ರಿಬ್ಯೂಟು ಎಂದು ಹೆಸರು. ಅದು ಪುಸ್ತಕದ ಬೆನ್ನಿಗೆ ಅಂಟಿಸಿದ ನಂಬರಿನ ಹಾಗೆ. ಶೀರ್ಷಿಕೆ, ಲೇಖಕ ಮೊದಲಾದುವು ಒಳಗಿನ ಎಲಿಮೆಂಟುಗಳು.

ಟ್ಯಾಗುಗಳ ಹೆಸರು ಕನ್ನಡದಲ್ಲಿ ಇರುವುದನ್ನು ಕಂಡು ಕೆಲವರಿಗೆ ಆಶ್ಚರ್ಯವಾಗಬಹುದು. ಎಕ್ಸ್‌ಎಂಎಲ್‌ನ ನಿಯಮದಲ್ಲಿ ಹೆಸರುಗಳಿಗೆ ಕನ್ನಡ ಅಕ್ಷರವನ್ನು ಬಳಸಲು ಮೊದಲಿನಿಂದಲೂ ಅವಕಾಶವಿದೆ. ಪಿಎಚ್‌ಪಿಯೂ ತನ್ನ ವೇರಿಯೇಬಲ್ಲುಗಳ ಹೆಸರಿನಲ್ಲಿ ಕನ್ನಡವನ್ನು ಒಪ್ಪಿಕೊಳ್ಳುತ್ತದೆ. ಆದುದರಿಂದ $ಪುಸ್ತಕ ಎಂದು ಬರೆದರೆ ಅದು ತಪ್ಪಲ್ಲ, ಹಾಗೆಯೇ ನಡೆಯುತ್ತದೆ.

2. ಬೇಲು ಮತ್ತು ಚೀಟಿ

ಪಿಎಚ್‌ಪಿಯನ್ನು ರಾಸ್ಮಸ್ ಲೆರ್ಡಾರ್ಫ್ ಎಂಬವರು 1995ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟರು. 2004ರ ಜುಲೈಯಲ್ಲಿ ಬಂದ ಅದರ ಐದನೆಯ ಆವೃತ್ತಿಯೊಡನೆ ಸಿಂಪಲ್‌ಎಕ್ಸ್‌ಎಂಎಲ್ ಎಂಬ ಉಪಕರಣವೂ ಬಂತು. ಹೆಸರೇ ಹೇಳುವಂತೆ ಇದು ಸುಲಭವಾದದ್ದು. ಕಡತವನ್ನು ತೆರೆಯಲು ಒಂದು ಸಾಲು ಸಾಕು:

$ಪಟ್ಟಿ = ಸಿಂಪಲ್‌ಎಕ್ಸ್‌ಎಂಎಲ್_ಲೋಡ್_ಫೈಲ್('ಪುಸ್ತಕಗಳು.ಎಕ್ಸ್‌ಎಂಎಲ್');

ಇಲ್ಲಿ ಸಿಂಪಲ್ ಮತ್ತು ಎಕ್ಸ್‌ಎಂಎಲ್ ಎಂಬುವು ಕೂಡಿಕೊಂಡೇ ಇರುತ್ತವೆ. ಲೋಡ್, ಫೈಲ್ ಎಂಬುವಕ್ಕೆ ಮಾತ್ರ ಮುಂದೆ ಅಡಿಗೆರೆ ಬೇಕು. ಈಗ $ಪಟ್ಟಿ ಎಂಬುದು ಗ್ರಂಥಾಲಯ ಎಂಬ ಹೊರಗಿನ ಎಲಿಮೆಂಟು. ಒಳಗಿನದನ್ನು ಬಾಣದ ಗುರುತಿನಿಂದ ಹಿಡಿಯಬೇಕು: $ಪಟ್ಟಿ->ಪುಸ್ತಕ->ಶೀರ್ಷಿಕೆ.

ಇಲ್ಲಿಯೇ ಎಚ್ಚರ ಬೇಕಾದದ್ದು. $ಪಟ್ಟಿ->ಪುಸ್ತಕ->ಶೀರ್ಷಿಕೆ ಎಂದಾಗ ನಮ್ಮ ಕೈಗೆ ಬರುವುದು 'ಶಿಕಾರಿ' ಎಂಬ ಮಾತೆಂದು ನಾವು ತಿಳಿಯುತ್ತೇವೆ. ನಿಜವಾಗಿ ಬರುವುದು ಆ ಮಾತಲ್ಲ. ಆ ಮಾತನ್ನು ಒಳಗಿಟ್ಟುಕೊಂಡ ಒಂದು ವಸ್ತು, ಅಂದರೆ ಆಬ್ಜೆಕ್ಟು.

ನಾನು ಗಿರಣಿಯ ಗುಮಾಸ್ತನಾದುದರಿಂದ ನನಗೆ ತೋಚುವ ಉಪಮೆ ಗೋದಾಮಿನದು. ಅಲ್ಲಿ ಬಟ್ಟೆಯ ಬೇಲುಗಳು ಇರುತ್ತವೆ. ಪ್ರತಿಯೊಂದು ಬೇಲಿನ ಮೇಲೆ ಅದರ ವಿವರದ ಚೀಟಿ ಇರುತ್ತದೆ. ಆಫೀಸಿನಿಂದ "ಆ ಬೇಲಿನ ಮೇಲೆ ಏನು ಬರೆದಿದೆ?" ಎಂದು ಕೇಳಿದರೆ ನಾವು ಚೀಟಿಯನ್ನು ಓದಿ ಹೇಳುತ್ತೇವೆಯೇ ಹೊರತು ಬೇಲನ್ನೇ ಹೊತ್ತುಕೊಂಡು ಹೋಗಿ ಮೇಜಿನ ಮೇಲೆ ಇಡುವುದಿಲ್ಲ. ಬೇಲು ಆಬ್ಜೆಕ್ಟು. ಚೀಟಿಯ ಮೇಲಿನ ಬರಹ ಸ್ಟ್ರಿಂಗು. ಸ್ಟ್ರಿಂಗ್ ಎಂದರೆ ದಾರ. ಅಕ್ಷರಗಳನ್ನು ಮಣಿಗಳಂತೆ ಪೋಣಿಸಿದ ಸರವೆಂದು ತಿಳಿದುಕೊಳ್ಳಿ.

ಬೇಲಿನಿಂದ ಬರಹವನ್ನು ಮಾತ್ರ ಪಡೆಯಲು ಪಿಎಚ್‌ಪಿಯಲ್ಲಿ ಹೀಗೆ ಬರೆಯಬೇಕು:

$ಹೆಸರು = (ಸ್ಟ್ರಿಂಗ್) $ಪಟ್ಟಿ->ಪುಸ್ತಕ->ಶೀರ್ಷಿಕೆ;

ಆವರಣದೊಳಗಿನ ಮಾತನ್ನು ಎಸ್, ಟಿ, ಆರ್, ಐ, ಎನ್, ಜಿ ಎಂಬ ಆರು ಅಕ್ಷರಗಳಿಂದ ಒತ್ತಬೇಕು. ಇದೇ ನಾನು ಬಿಟ್ಟಿದ್ದ ಮಾತು. ಒಂದು ಬಗೆಯ ವಸ್ತುವನ್ನು ಇನ್ನೊಂದು ಬಗೆಯದಾಗಿ ಮಾಡಿಕೊಳ್ಳುವ ಈ ಕ್ರಿಯೆಗೆ ಕಾಸ್ಟಿಂಗ್ ಎಂದು ಹೆಸರು. ಸ್ಟ್ರ್‌ವ್ಯಾಲ್ ಎಂಬ ಫಂಕ್ಷನ್ನಿನಿಂದಲೂ ಇದೇ ಫಲ ದೊರೆಯುತ್ತದೆ.

ಸಂದೇಹವಿದ್ದವರು ಗೆಟ್‌ಟೈಪ್ ಎಂಬ ಫಂಕ್ಷನ್ನಿನಿಂದ ಪರೀಕ್ಷಿಸಿ ನೋಡಲಿ. ಕಾಸ್ಟಿಂಗ್ ಮಾಡದಿದ್ದರೆ 'ಆಬ್ಜೆಕ್ಟ್' ಎಂದೂ, ಮಾಡಿದ ಮೇಲೆ 'ಸ್ಟ್ರಿಂಗ್' ಎಂದೂ ಉತ್ತರ ಬರುತ್ತದೆ.

3. ಎಕೋ ಮಾಡುವ ಮೋಸ

ಹಾಗಾದರೆ ಈ ಭೇದ ಕಲಿಯುವವನ ಕಣ್ಣಿಗೆ ಮೊದಲೇ ಏಕೆ ಬೀಳುವುದಿಲ್ಲ? ಕಾರಣ ಎಕೋ. ಎಕೋ ಎಂದರೆ ತೆರೆಯ ಮೇಲೆ ಬರೆದು ತೋರಿಸು ಎಂದು ಅಪ್ಪಣೆ. ತೆರೆಯ ಮೇಲೆ ಬರೆಯಬೇಕಾದರೆ ಅಕ್ಷರಗಳೇ ಬೇಕಷ್ಟೆ. ಆದುದರಿಂದ ಎಕೋ ತನಗೆ ಕೊಟ್ಟ ಆಬ್ಜೆಕ್ಟನ್ನು ತಾನಾಗಿಯೇ ಸ್ಟ್ರಿಂಗಾಗಿ ಮಾಡಿಕೊಂಡು ಬರೆಯುತ್ತದೆ.

ಎಕೋ $ಪಟ್ಟಿ->ಪುಸ್ತಕ->ಶೀರ್ಷಿಕೆ;

ಎಂದರೆ 'ಶಿಕಾರಿ' ಎಂದೇ ಕಾಣುತ್ತದೆ. ಕಂಡದ್ದು ಮಾತು, ಆದುದರಿಂದ ಕೈಯಲ್ಲಿ ಇರುವುದೂ ಮಾತು ಎಂದು ನಾವು ನಂಬಿಬಿಡುತ್ತೇವೆ. ಎಕೋ ಇಲ್ಲದ ಸ್ಥಳಗಳಲ್ಲಿ ಈ ನಂಬಿಕೆ ಕೈಕೊಡುತ್ತದೆ. ಅಂಥ ಮೂರು ಸ್ಥಳಗಳನ್ನು ಇಲ್ಲಿ ಹೇಳುತ್ತೇನೆ.

ಒಂದು: ಮೂರು ಸಮಗೆರೆಗಳ ಹೋಲಿಕೆ. === ಎಂಬ ಗುರುತು ಎರಡೂ ಕಡೆಯ ಬೆಲೆ ಒಂದೇ ಇರುವುದಲ್ಲದೆ ಬಗೆಯೂ ಒಂದೇ ಇರಬೇಕೆಂದು ಹಟ ಹಿಡಿಯುತ್ತದೆ. ಒಂದು ಕಡೆ ಆಬ್ಜೆಕ್ಟು, ಇನ್ನೊಂದು ಕಡೆ ಸ್ಟ್ರಿಂಗು ಇದ್ದರೆ ಅದರ ಉತ್ತರ ಯಾವಾಗಲೂ 'ಅಲ್ಲ' ಎಂದೇ.

ಎರಡು: ಅರೇಯ ಕೀಲಿ. ಯಾವ ಲೇಖಕರ ಎಷ್ಟು ಪುಸ್ತಕಗಳು ನಮ್ಮಲ್ಲಿವೆ ಎಂದು ಎಣಿಸಲು $ಎಣಿಕೆ[$ಪುಸ್ತಕ->ಲೇಖಕ] ಎಂದು ಬರೆದರೆ ಪಿಎಚ್‌ಪಿ ತಪ್ಪೆಂದು ಹೇಳಿ ನಿಂತುಬಿಡುತ್ತದೆ. ಆಬ್ಜೆಕ್ಟು ಕೀಲಿಯಾಗಲಾರದು. $ಎಣಿಕೆ[(ಸ್ಟ್ರಿಂಗ್) $ಪುಸ್ತಕ->ಲೇಖಕ] ಎಂದೇ ಬರೆಯಬೇಕು.

ಮೂರು: ಸೆಷನ್. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಬೆಲೆಯನ್ನು ನೆನಪಿಟ್ಟುಕೊಂಡು ಹೋಗುವ ಸೌಕರ್ಯಕ್ಕೆ ಸೆಷನ್ ಎನ್ನುತ್ತಾರೆ. ಸಿಂಪಲ್‌ಎಕ್ಸ್‌ಎಂಎಲ್‌ನ ಆಬ್ಜೆಕ್ಟನ್ನು ಅದರಲ್ಲಿ ಇಡಲು ಬರುವುದಿಲ್ಲ, ಸ್ಟ್ರಿಂಗನ್ನು ಇಡಬಹುದು.

ಎರಡನೆಯದರಲ್ಲಿಯೂ ಮೂರನೆಯದರಲ್ಲಿಯೂ ಪಿಎಚ್‌ಪಿ ತಾನೇ ಕೂಗಿ ಹೇಳುವುದರಿಂದ ನಷ್ಟವಿಲ್ಲ. ಕೂಗದೆ ಸುಮ್ಮನೆ ತಪ್ಪು ಉತ್ತರ ಕೊಡುವುದೇ ಅಪಾಯದ್ದು. ನನ್ನ ತಪ್ಪು ಆ ಜಾತಿಯದು.

4. ನನ್ನ ತಪ್ಪು ಏನಾಗಿತ್ತು?

ಪುಸ್ತಕಗಳ ಪಟ್ಟಿ ಒಂದು ಕಡತ. ಯಾರು ಯಾವ ಪುಸ್ತಕವನ್ನು ಒಯ್ದರೆಂಬ ಚೀಟಿಗಳದು ಇನ್ನೊಂದು ಕಡತ. ಒಂದು ಚೀಟಿ ಹೀಗಿರುತ್ತದೆ:

<ಚೀಟಿ>
  <ಸಂಖ್ಯೆ>0127</ಸಂಖ್ಯೆ>
  <ಸದಸ್ಯ>58</ಸದಸ್ಯ>
</ಚೀಟಿ>

ಪುಸ್ತಕದ ಸಂಖ್ಯೆ ಯಾವುದಾದರೂ ಚೀಟಿಯಲ್ಲಿ ಸಿಕ್ಕಿದರೆ 'ಹೊರಗೆ ಹೋಗಿದೆ' ಎಂದೂ, ಸಿಗದಿದ್ದರೆ 'ಕಪಾಟಿನಲ್ಲಿ ಇದೆ' ಎಂದೂ ತೋರಿಸಬೇಕು. ಮೊದಲು ಪರೀಕ್ಷೆಗಾಗಿ ನಾನು ಒಂದು ಸಂಖ್ಯೆಯನ್ನು ಕೈಯಿಂದಲೇ ಬರೆದು ನೋಡಿದೆ:

ಇಫ್ ($ಚೀಟಿ->ಸಂಖ್ಯೆ == '0127')

ಇದು ಸರಿಯಾಗಿ ನಡೆಯಿತು. ಎರಡು ಸಮಗೆರೆಗಳ ಹೋಲಿಕೆಯಲ್ಲಿ ಒಂದು ಕಡೆ ಸ್ಟ್ರಿಂಗು ಇದ್ದರೆ ಪಿಎಚ್‌ಪಿ ಇನ್ನೊಂದು ಕಡೆಯ ಆಬ್ಜೆಕ್ಟನ್ನೂ ಸ್ಟ್ರಿಂಗಾಗಿ ಮಾಡಿಕೊಂಡು ಹೋಲಿಸುತ್ತದೆ. ಪರೀಕ್ಷೆ ತೇರ್ಗಡೆಯಾಯಿತೆಂದು ಸಂತೋಷದಿಂದ ಕೈಬರಹದ ಸಂಖ್ಯೆಯನ್ನು ತೆಗೆದು ಪುಸ್ತಕದ ಸಂಖ್ಯೆಯನ್ನು ಸೇರಿಸಿದೆ:

ಇಫ್ ($ಚೀಟಿ->ಸಂಖ್ಯೆ == $ಪುಸ್ತಕ['ಸಂಖ್ಯೆ'])

ಈಗ ಎರಡೂ ಕಡೆ ಆಬ್ಜೆಕ್ಟುಗಳು. ಎರಡು ಆಬ್ಜೆಕ್ಟುಗಳನ್ನು ಹೋಲಿಸುವಾಗ ಸಿಂಪಲ್‌ಎಕ್ಸ್‌ಎಂಎಲ್ ಅವುಗಳ ಮೇಲಿನ ಬರಹವನ್ನು ನೋಡುವುದೇ ಇಲ್ಲ. ಇವೆರಡೂ ಒಂದೇ ವಸ್ತುವೋ ಎಂದು ಮಾತ್ರ ನೋಡುತ್ತದೆ. ಒಂದು ಪುಸ್ತಕಗಳ ಕಡತದ್ದು, ಇನ್ನೊಂದು ಚೀಟಿಗಳ ಕಡತದ್ದು. ಎರಡೂ ಒಂದೇ ಹೇಗಾದೀತು? ಎರಡು ಬೇಲುಗಳ ಚೀಟಿಯಲ್ಲಿ ಒಂದೇ ಬರಹವಿದ್ದರೂ ಬೇಲುಗಳು ಎರಡೇ ಅಲ್ಲವೇ? ಹೀಗಾಗಿ ಯಾವ ಪುಸ್ತಕವೂ ಯಾವ ಚೀಟಿಗೂ ಹೊಂದಲಿಲ್ಲ. ಎಲ್ಲ ಪುಸ್ತಕಗಳೂ 'ಕಪಾಟಿನಲ್ಲಿ ಇದೆ' ಎಂದೇ ಕಾಣತೊಡಗಿದವು. ಹೆಚ್ಚಿನ ಪುಸ್ತಕಗಳು ಕಪಾಟಿನಲ್ಲಿಯೇ ಇದ್ದುದರಿಂದ ಕೆಲವು ದಿನ ಯಾರಿಗೂ ಅನುಮಾನ ಬರಲಿಲ್ಲ. ವಸಯಿಯ ಹಿರಿಯರು ಮಳೆಯಲ್ಲಿ ಬಂದ ಮೇಲೆಯೇ ಗೊತ್ತಾದದ್ದು.

ತಿದ್ದಿದ ಸಾಲು ಇದು:

ಇಫ್ ((ಸ್ಟ್ರಿಂಗ್) $ಚೀಟಿ->ಸಂಖ್ಯೆ === (ಸ್ಟ್ರಿಂಗ್) $ಪುಸ್ತಕ['ಸಂಖ್ಯೆ'])

ಎರಡೂ ಕಡೆ ಕಾಸ್ಟಿಂಗ್, ನಡುವೆ ಮೂರು ಸಮಗೆರೆ. ಮೂರೇ ಏಕೆಂದರೆ, ಎರಡು ಸಮಗೆರೆಗಳಿದ್ದಾಗ ಪಿಎಚ್‌ಪಿ ಅಂಕೆಗಳಂತೆ ಕಾಣುವ ಸ್ಟ್ರಿಂಗುಗಳನ್ನು ಅಂಕೆಗಳಾಗಿಯೇ ಹೋಲಿಸುತ್ತದೆ. ಆಗ '0127' ಎಂಬುದೂ '127' ಎಂಬುದೂ ಸಮವೆಂದು ಹೇಳಿಬಿಡುತ್ತದೆ. ನಮ್ಮಲ್ಲಿ ದಾನವಾಗಿ ಬಂದ ಪುಸ್ತಕಗಳ ಸಂಖ್ಯೆ ಸೊನ್ನೆಯಿಂದ ಆರಂಭವಾಗುತ್ತದೆ, ಕೊಂಡ ಪುಸ್ತಕಗಳದು ಹಾಗಲ್ಲ. ಅವೆರಡು ಬೇರೆ ಬೇರೆ ಪುಸ್ತಕಗಳು.

ಇದೇ ಕಾರಣಕ್ಕೆ ಪುಸ್ತಕದ ಸಂಖ್ಯೆಯನ್ನು ಪೂರ್ಣಾಂಕವಾಗಿ ಕಾಸ್ಟ್ ಮಾಡಬಾರದು. ಮುಂದಿನ ಸೊನ್ನೆ ಬಿದ್ದುಹೋಗುತ್ತದೆ. ಕೂಡಿಸಿ ಕಳೆಯಬೇಕಾದದ್ದು ಮಾತ್ರ ಅಂಕೆ. ಪುಸ್ತಕದ ನಂಬರು, ಫೋನು ನಂಬರು, ಪಿನ್ ಕೋಡು ಇವೆಲ್ಲ ಅಂಕೆಯ ವೇಷದಲ್ಲಿರುವ ಹೆಸರುಗಳು. ಅವನ್ನು ಸ್ಟ್ರಿಂಗಾಗಿಯೇ ಉಳಿಸಿಕೊಳ್ಳಬೇಕು. ಇನ್ನು ಯಾರಾದರೂ ಅಭಿಮಾನದಿಂದ ಸಂಖ್ಯೆಯನ್ನು ೧೨೭ ಎಂದು ಕನ್ನಡ ಅಂಕಿಯಲ್ಲಿ ಬರೆದಿದ್ದರೆ, ಪೂರ್ಣಾಂಕವಾಗಿ ಕಾಸ್ಟ್ ಮಾಡಿದಾಗ ಪಿಎಚ್‌ಪಿಗೆ ಅದು ಸೊನ್ನೆ. ಕನ್ನಡ ಅಂಕಿಗಳನ್ನು ಅದು ಅಂಕಿಗಳೆಂದು ಗುರುತಿಸುವುದಿಲ್ಲ.

5. ಬೇರೆ ಬೇರೆ ಸಂದರ್ಭಗಳು

(ಅ) ಒಂದೇ ಹೆಸರಿನ ಹಲವು ಎಲಿಮೆಂಟುಗಳು. ಮೇಲಿನ ಪುಸ್ತಕಕ್ಕೆ ವಿಷಯ ಎಂಬುದು ಎರಡು ಸಲ ಬಂದಿದೆ. (ಸ್ಟ್ರಿಂಗ್) $ಪುಸ್ತಕ->ವಿಷಯ ಎಂದರೆ ಮೊದಲನೆಯದು ಮಾತ್ರ, ಅಂದರೆ 'ಕಾದಂಬರಿ' ಮಾತ್ರ ಸಿಗುತ್ತದೆ. ಎರಡನೆಯದು ಬೇಕಾದರೆ $ಪುಸ್ತಕ->ವಿಷಯ[1] ಎಂದು ಕೇಳಬೇಕು. ಎಣಿಕೆ ಸೊನ್ನೆಯಿಂದ ಮೊದಲಾಗುತ್ತದೆ. ಎಲ್ಲವೂ ಬೇಕಾದರೆ ಹೀಗೆ:

ಫೋರೀಚ್ ($ಪುಸ್ತಕ->ವಿಷಯ ಆ್ಯಸ್ $ಒಂದು) {
  $ವಿಷಯಗಳು[] = (ಸ್ಟ್ರಿಂಗ್) $ಒಂದು;
}

ಇಲ್ಲಿ ಕಾಸ್ಟಿಂಗನ್ನು ಮರೆತರೆ ಅರೇಯ ತುಂಬ ಬೇಲುಗಳೇ ಕೂಡಿಕೊಳ್ಳುತ್ತವೆ.

(ಆ) ಎಲಿಮೆಂಟಿನ ಒಳಗೆ ಎಲಿಮೆಂಟು. ಶೀರ್ಷಿಕೆಯ ಒಂದು ಮಾತನ್ನು ದಪ್ಪಕ್ಷರದಲ್ಲಿ ತೋರಿಸಲು ಯಾರೋ ಹೀಗೆ ಬರೆದಿದ್ದಾರೆಂದು ತಿಳಿಯಿರಿ:

<ಶೀರ್ಷಿಕೆ>ಮರಳಿ <ದಪ್ಪ>ಮಣ್ಣಿಗೆ</ದಪ್ಪ></ಶೀರ್ಷಿಕೆ>

ಇದನ್ನು ಕಾಸ್ಟ್ ಮಾಡಿದರೆ 'ಮರಳಿ' ಎಂಬಷ್ಟೇ ಬರುತ್ತದೆ. ಕಾಸ್ಟಿಂಗ್ ಆ ಎಲಿಮೆಂಟಿನಲ್ಲಿ ನೇರವಾಗಿ ಇರುವ ಬರಹವನ್ನು ಮಾತ್ರ ಕೊಡುತ್ತದೆ. ಮಕ್ಕಳ ಒಳಗಿನದನ್ನು ಕೊಡುವುದಿಲ್ಲ. ಎಲ್ಲವೂ ಬೇಕಾದಾಗ ಡಾಮ್ ಎಂಬ ಇನ್ನೊಂದು ಉಪಕರಣದ ಸಹಾಯ ಪಡೆಯಬೇಕು:

ಡಾಮ್_ಇಂಪೋರ್ಟ್_ಸಿಂಪಲ್‌ಎಕ್ಸ್‌ಎಂಎಲ್($ಪುಸ್ತಕ->ಶೀರ್ಷಿಕೆ)->ಟೆಕ್ಸ್ಟ್‌ಕಂಟೆಂಟ್

(ಇ) ಇಲ್ಲದ ಎಲಿಮೆಂಟು. ನಮ್ಮ ಪುಸ್ತಕಕ್ಕೆ ಅನುವಾದಕ ಎಂಬ ಎಲಿಮೆಂಟು ಇಲ್ಲ. ಆದರೂ (ಸ್ಟ್ರಿಂಗ್) $ಪುಸ್ತಕ->ಅನುವಾದಕ ಎಂದರೆ ಪಿಎಚ್‌ಪಿ ತಪ್ಪೆನ್ನುವುದಿಲ್ಲ. ಬರಿಯ ಖಾಲಿ ಸ್ಟ್ರಿಂಗನ್ನು ಕೊಡುತ್ತದೆ. ಒಂದು ದೃಷ್ಟಿಯಿಂದ ಇದು ಅನುಕೂಲವೇ. ಆದರೆ ಶೀರ್ಷಿಕೆ ಎಂಬುದನ್ನು ಅವಸರದಲ್ಲಿ ಹ್ರಸ್ವ ಶಿ ಹಾಕಿ ಬರೆದರೂ ಅದು ಹಾಗೆಯೇ ಸುಮ್ಮನೆ ಖಾಲಿಯನ್ನು ಕೊಟ್ಟು ಕುಳಿತಿರುತ್ತದೆ. ಎಲಿಮೆಂಟು ಇದೆಯೋ ಇಲ್ಲವೋ ಎಂದು ತಿಳಿಯಬೇಕಾದಲ್ಲಿ ಇಸ್‌ಸೆಟ್ ಎಂಬುದರಿಂದ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

(ಈ) ಸುತ್ತಲಿನ ಖಾಲಿ ಜಾಗ. ಟ್ಯಾಗಿಗೂ ಮಾತಿಗೂ ನಡುವೆ ಹೊಸ ಸಾಲು, ಖಾಲಿ ಜಾಗ ಇದ್ದರೆ ಅವೂ ಸ್ಟ್ರಿಂಗಿನಲ್ಲಿ ಸೇರಿಕೊಂಡು ಬರುತ್ತವೆ. ಕಣ್ಣಿಗೆ ಕಾಣದಿದ್ದರೂ ಹೋಲಿಕೆಯನ್ನು ಕೆಡಿಸುತ್ತವೆ. ಆದುದರಿಂದ ಕಾಸ್ಟಿಂಗಿನ ಜೊತೆಗೆ ಟ್ರಿಮ್ ಮಾಡುವ ರೂಢಿ ಇಟ್ಟುಕೊಳ್ಳಿ:

$ಹೆಸರು = ಟ್ರಿಮ್((ಸ್ಟ್ರಿಂಗ್) $ಪುಸ್ತಕ->ಶೀರ್ಷಿಕೆ);

(ಉ) ತೆರೆಯದ ಕಡತ. ಕಡತದಲ್ಲಿ ಒಂದು ಮುಚ್ಚುವ ಟ್ಯಾಗು ತಪ್ಪಿದರೂ ಅದು ತೆರೆಯುವುದಿಲ್ಲ. ತೆರೆಯುವ ಫಂಕ್ಷನ್ನು ಫಾಲ್ಸ್ ಎಂಬ ಬೆಲೆಯನ್ನು ಕೊಡುತ್ತದೆ. $ಪಟ್ಟಿ === ಫಾಲ್ಸ್ ಆಗಿದೆಯೇ ಎಂದು ನೋಡಿಕೊಂಡೇ ಮುಂದುವರಿಯಬೇಕು. ಇಲ್ಲಿಯೂ ಮೂರು ಸಮಗೆರೆ ಏಕೆಂದರೆ, ಒಳಗೆ ಏನೂ ಇಲ್ಲದ ಸರಿಯಾದ ಕಡತವೂ ಸಡಿಲ ಪರೀಕ್ಷೆಯಲ್ಲಿ ಫಾಲ್ಸಿನಂತೆಯೇ ಕಾಣುತ್ತದೆ.

6. ಕನ್ನಡದ ಸ್ಟ್ರಿಂಗು

ಮಾತು ಸ್ಟ್ರಿಂಗಾಗಿ ಕೈಗೆ ಬಂತು. ಇಂಗ್ಲಿಷಿನವರ ಪಾಠ ಇಲ್ಲಿಗೆ ಮುಗಿಯುತ್ತದೆ. ಕನ್ನಡಿಗರಿಗೆ ಇನ್ನೂ ಸ್ವಲ್ಪ ಉಳಿದಿದೆ.

ಸಿಂಪಲ್‌ಎಕ್ಸ್‌ಎಂಎಲ್ ಕೊಡುವ ಸ್ಟ್ರಿಂಗು ಯಾವಾಗಲೂ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಇರುತ್ತದೆ. ಅದರಲ್ಲಿ ಯೂನಿಕೋಡಿನ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟುಗಳು ಬೇಕು. 'ಕನ್ನಡ' ಎಂಬ ಮಾತನ್ನೇ ನೋಡಿ. ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿನಲ್ಲಿ ಕ, ನ, ವಿರಾಮ, ನ, ಡ ಎಂದು ಐದು ಸಂಕೇತ. ಬೈಟುಗಳು ಹದಿನೈದು. ಸ್ಟ್ರ್‌ಲೆನ್ ಎಂಬ ಫಂಕ್ಷನ್ನು 15 ಎನ್ನುತ್ತದೆ, ಎಂಬಿ_ಸ್ಟ್ರ್‌ಲೆನ್ 5 ಎನ್ನುತ್ತದೆ. ಶೀರ್ಷಿಕೆ ಉದ್ದವಾಯಿತೆಂದು ಬೈಟಿನ ಲೆಕ್ಕದಲ್ಲಿ ಕತ್ತರಿಸಿದರೆ ಅಕ್ಷರದ ನಡುವೆಯೇ ಕತ್ತರಿ ಬಿದ್ದು ಕೊನೆಯಲ್ಲಿ ಪ್ರಶ್ನೆ ಗುರುತೋ ಚೌಕವೋ ಕಾಣುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. 'ಚೋಮನ ದುಡಿ' ಎಂಬುದರಲ್ಲಿ 'ಚೋ' ಎಂಬ ಅಕ್ಷರವನ್ನು ಎರಡು ಬಗೆಯಲ್ಲಿ ಬರೆದಿಡಬಹುದು. ಚಕಾರಕ್ಕೆ ಓಕಾರದ ಒಂದೇ ಸಂಕೇತವನ್ನು ಸೇರಿಸುವುದು ಒಂದು ಬಗೆ. ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರು ಸಂಕೇತಗಳನ್ನು ಒಂದರ ಹಿಂದೊಂದು ಸೇರಿಸುವುದು ಇನ್ನೊಂದು ಬಗೆ. ಕಣ್ಣಿಗೆ ಎರಡೂ ಒಂದೇ. ಯೂನಿಕೋಡಿನ ನಿಯಮವೂ ಇವೆರಡನ್ನು ಸಮಾನವೆಂದೇ ಹೇಳುತ್ತದೆ. ಆದರೆ === ಅವನ್ನು ಬೇರೆ ಎನ್ನುತ್ತದೆ. ಅದು ನೋಡುವುದು ಬೈಟುಗಳನ್ನು. ಹೀಗೆ ಎರಡು ಕಡೆಯಿಂದ ಬಂದ ಪಟ್ಟಿಗಳನ್ನು ಹೋಲಿಸುವಾಗ ಎರಡನ್ನೂ ಮೊದಲು ಒಂದೇ ರೂಪಕ್ಕೆ ತರಬೇಕು. ಅದಕ್ಕಾಗಿ ಪಿಎಚ್‌ಪಿಯ ಇಂಟ್ಲ್ ಎಂಬ ಉಪಕರಣದಲ್ಲಿ ನಾರ್ಮಲೈಸರ್ ಎಂಬುದಿದೆ:

$ಹೆಸರು = ನಾರ್ಮಲೈಸರ್::ನಾರ್ಮಲೈಸ್($ಹೆಸರು);

ಟ್ಯಾಗುಗಳ ಹೆಸರಿಗೂ ಇದೇ ಮಾತು ಸಲ್ಲುತ್ತದೆ. 'ಶೀ' ಎಂಬುದನ್ನು ಕಡತದಲ್ಲಿ ಒಂದು ಬಗೆ, ಪ್ರೋಗ್ರಾಮಿನಲ್ಲಿ ಇನ್ನೊಂದು ಬಗೆ ಬರೆದರೆ ಶೀರ್ಷಿಕೆ ಖಾಲಿಯಾಗಿ ಬರುತ್ತದೆ. ಆದುದರಿಂದ ಟ್ಯಾಗುಗಳ ಹೆಸರನ್ನು ಕನ್ನಡದಲ್ಲಿ ಇಡುವವರು ಇಡೀ ಕೆಲಸವನ್ನು ಒಂದೇ ಕೀಲಿಮಣೆಯ ವಿನ್ಯಾಸದಿಂದ ಒತ್ತುವುದು ಕ್ಷೇಮ. ಅಕ್ಷರಗಳನ್ನು ಕೂಡಿಸಲು ಅಥವಾ ಬಿಡಿಸಲು ನಡುವೆ ಹಾಕುವ ಕಾಣದ ಗುರುತುಗಳೂ ಇವೆ. ಅವನ್ನು ಟ್ರಿಮ್ ಆಗಲಿ ನಾರ್ಮಲೈಸರ್ ಆಗಲಿ ತೆಗೆಯುವುದಿಲ್ಲವೆಂಬುದನ್ನೂ ನೆನಪಿಡಿ.

7. ಈ ವಿದ್ಯೆ ಇನ್ನೆಲ್ಲಿ ಉಪಯೋಗ?

ವಾಚನಾಲಯದ ಪಟ್ಟಿಗಾಗಿ ಮಾತ್ರ ಇಷ್ಟು ಕಷ್ಟ ಪಡಬೇಕೇ ಎಂದು ಕೆಲವರು ಕೇಳಬಹುದು. ನಮ್ಮ ಓದುಗರಲ್ಲಿ ಲೆಕ್ಕಪತ್ರದ ಕೆಲಸದವರು ಅನೇಕರಿದ್ದಾರೆ. ಅವರಿಗೆ ಟ್ಯಾಲಿ ಗೊತ್ತು. ಇದು ಬೆಂಗಳೂರಿನಲ್ಲಿ 1986ರಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ ಗೋಯೆಂಕಾ ಅವರಿಂದ ಹುಟ್ಟಿದ್ದು. ತಂದೆಯವರದು ಬಟ್ಟೆಯ ಗಿರಣಿ ಮೊದಲಾದುವಕ್ಕೆ ಸಾಮಾನು ಒದಗಿಸುವ ವ್ಯಾಪಾರ. ಆ ಲೆಕ್ಕ ಬರೆಯಲು ತಕ್ಕ ಪ್ರೋಗ್ರಾಮು ಸಿಗದೆ ಮಗನಿಂದ ಬರೆಯಿಸಿದರು. ಭರತ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಈ ಟ್ಯಾಲಿ ತನ್ನ ಲೆಕ್ಕವನ್ನು ಎಕ್ಸ್‌ಎಂಎಲ್ ಆಗಿ ಹೊರಗೆ ಕೊಡುತ್ತದೆ. ಅದರಲ್ಲಿ ಖಾತೆಯ ಹೆಸರು ಲೆಡ್ಜರ್ ಎಂಬ ಎಲಿಮೆಂಟಿನ ಆಟ್ರಿಬ್ಯೂಟಾಗಿ ಬರುತ್ತದೆ. ಒಂದು ಪಟ್ಟಿಯ ಖಾತೆಯನ್ನು ಇನ್ನೊಂದು ಪಟ್ಟಿಯ ಖಾತೆಯೊಡನೆ ತಾಳೆ ನೋಡುವಾಗ ನನ್ನ ತಪ್ಪನ್ನೇ ನೀವು ಮಾಡಿದರೆ ಯಾವ ಖಾತೆಯೂ ತಾಳೆಯಾಗುವುದಿಲ್ಲ. ಪುಸ್ತಕ ತಪ್ಪಿದರೆ ಒಬ್ಬರಿಗೆ ಬೇಸರ. ಲೆಕ್ಕ ತಪ್ಪಿದರೆ ಒಬ್ಬರ ಸಂಬಳವೇ ನಿಂತೀತು.

ಸಾಹಿತ್ಯದ ವಿದ್ಯಾರ್ಥಿಗಳಿಗೂ ಇದರಿಂದ ಪ್ರಯೋಜನವಿದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ಎಂಬ ಪ್ರೋಗ್ರಾಮು ಪಿಎಚ್‌ಪಿಯಲ್ಲಿಯೇ ಬರೆದದ್ದು. ಅದರ ಲೇಖನಗಳನ್ನು ಎಕ್ಸ್‌ಎಂಎಲ್ ರೂಪದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಇಲ್ಲಿಯೇ ಕಲೀನಾದ ವಿದ್ಯಾನಗರಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಅಲ್ಲಿ ಓದುವ ಮಿತ್ರರು ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಬೇಕೆಂದರೆ ಇಂದಿನ ಪಾಠವೇ ಮೊದಲ ಮೆಟ್ಟಿಲು.

8. ನೆನಪಿಡಬೇಕಾದ ನಿಯಮಗಳು

ಬಾಣದಿಂದಾಗಲಿ ಚೌಕ ಕಂಸದಿಂದಾಗಲಿ ಸಿಗುವುದು ಬೇಲು. (ಸ್ಟ್ರಿಂಗ್) ಎಂದ ಮೇಲೆಯೇ ಚೀಟಿಯ ಬರಹ.

ಬೆಲೆಯನ್ನು ಕಡತದಿಂದ ತೆಗೆಯುವ ಸಾಲಿನಲ್ಲಿಯೇ ಕಾಸ್ಟ್ ಮಾಡಿ. ಮುಂದೆ ಬೇಕಾದಾಗ ಮಾಡೋಣವೆಂದು ಬಿಡಬೇಡಿ.

ಹೋಲಿಸುವಾಗ ಎರಡೂ ಕಡೆ ಕಾಸ್ಟಿಂಗ್, ನಡುವೆ ಮೂರು ಸಮಗೆರೆ.

ತೆರೆಯ ಮೇಲೆ ಸರಿಯಾಗಿ ಕಂಡಿತೆಂದು ನಂಬಬೇಡಿ. ಗೆಟ್‌ಟೈಪಿನಿಂದ ಕೇಳಿ ನೋಡಿ.

ಕೈಯಿಂದ ಬರೆದ ಬೆಲೆಯೊಡನೆ ಪರೀಕ್ಷೆ ಮುಗಿಸಬೇಡಿ. ನಿಜವಾದ ಎರಡು ಕಡತಗಳೊಡನೆ ಪರೀಕ್ಷಿಸಿ. 'ಇದೆ' ಎಂಬ ಉತ್ತರವೂ 'ಇಲ್ಲ' ಎಂಬ ಉತ್ತರವೂ ಒಂದೊಂದು ಸಲವಾದರೂ ಬರಬೇಕು. ನನ್ನ ಪುಟದಲ್ಲಿ 'ಹೊರಗೆ ಹೋಗಿದೆ' ಎಂಬ ಉತ್ತರ ಒಮ್ಮೆಯೂ ಬರಲಿಲ್ಲವೆಂಬುದನ್ನು ನಾನು ಗಮನಿಸಿದ್ದರೆ ಸಾಕಾಗುತ್ತಿತ್ತು.

ಅಭ್ಯಾಸಕ್ಕೆ

1. ಮೇಲಿನ ಪುಸ್ತಕದ ಶೀರ್ಷಿಕೆ, ಸಂಖ್ಯೆ ಮತ್ತು ಎಲ್ಲ ವಿಷಯಗಳನ್ನು ಸ್ಟ್ರಿಂಗುಗಳಾಗಿ ಒಂದು ಅರೇಯಲ್ಲಿ ತುಂಬಿರಿ.

2. $ಪುಸ್ತಕ->ವರ್ಷ ಎಂಬುದನ್ನು ಸ್ಟ್ರಿಂಗಾಗಿ ಇಡಬೇಕೋ ಪೂರ್ಣಾಂಕವಾಗಿ ಇಡಬೇಕೋ? 1970ಕ್ಕಿಂತ ಹಿಂದಿನ ಪುಸ್ತಕಗಳನ್ನು ಆರಿಸುವ ಕೆಲಸವಿದ್ದರೆ ಏನು ಮಾಡುವಿರಿ? ಕಾರಣ ಸಹಿತ ಬರೆಯಿರಿ.

3. ಲೇಖಕರ ಹೆಸರು ಖಾಲಿಯಾಗಿರುವ ಪುಸ್ತಕಗಳನ್ನು ಹುಡುಕಿ ಪಟ್ಟಿ ಮಾಡುವ ಪುಟವೊಂದನ್ನು ಬರೆಯಿರಿ. ಎಲಿಮೆಂಟೇ ಇಲ್ಲದವು, ಎಲಿಮೆಂಟು ಇದ್ದು ಬರಹ ಇಲ್ಲದವು ಎಂದು ಎರಡು ಗುಂಪು ಮಾಡಿರಿ.

ಉತ್ತರಗಳನ್ನು ಬರೆದವರು ವಾಚನಾಲಯದ ಮೇಜಿನ ಮೇಲೆ ಇಟ್ಟುಹೋದರೆ ನಾನು ರವಿವಾರ ನೋಡಿ ತಿದ್ದಿಕೊಡುತ್ತೇನೆ.

ವಸಯಿಯ ಹಿರಿಯರ ಸಂಗತಿ ಕೇಳಬಯಸುವವರಿಗೆ ಒಂದು ಮಾತು. ಪುಸ್ತಕ ಮರಳಿ ಬಂದ ರವಿವಾರವೇ ನಾನು ಅದನ್ನು ಚೀಲದಲ್ಲಿಟ್ಟುಕೊಂಡು ವಸಯಿಗೆ ಹೋಗಿ ಅವರ ಮನೆಯಲ್ಲಿ ಕೊಟ್ಟು ಬಂದೆ. ಅವರ ಪತ್ನಿಯವರು ಚಹ ಕೊಟ್ಟು, ಮೊದಲ ಪುಟವನ್ನು ನನ್ನಿಂದಲೇ ಓದಿಸಿದರು. ತಪ್ಪನ್ನು ತಿದ್ದಲು ಬೇಕಾದ ಹೊತ್ತಿಗಿಂತ ಆ ಪ್ರಯಾಣಕ್ಕೆ ಹಿಡಿದ ಹೊತ್ತು ಹೆಚ್ಚು. ಆದರೆ ಅವರು ಮಳೆಯಲ್ಲಿ ಕಳೆದುಕೊಂಡ ಹೊತ್ತನ್ನು ಹೇಗಾದರೂ ಲೆಕ್ಕಕ್ಕೆ ತರಬೇಕಿತ್ತಲ್ಲ.

— ವಾಚನಾಲಯದ ಸೇವಕ